ಬೀಗದ ಕೈ

ಹಂಬರ್ ನದಿಯ ಗಾಳಿಗೆ
ತರಬೇತಿ ಕೋಣೆಯ ಕಿಟಕಿ ಲಟಲಟ ಅನ್ನುತ್ತಲೇ ಇರುತ್ತದೆ.
ಈ ಸಲ ಹನ್ನೊಂದು ಜನ.
ಮೀನು ಪ್ಯಾಕಿಂಗ್ ಫ್ಯಾಕ್ಟರಿ ಮುಚ್ಚಿದ್ದಕ್ಕೆ ಬಂದವರೇ ನಾಲ್ವರು,
ಓವೆರಿಯಲ್ಲಿ ಮೇಡಮ್ ಆಗಿದ್ದ ಎಬೆರೆ,
ಇಪ್ಪತ್ತು ತುಂಬಿದ ಮರುವಾರವೇ ಅರ್ಜಿ ಹಾಕಿದ ಕೋಲ್ಬಿ ಥ್ರೆಲ್‌ಫಾಲ್.
ಇವನ ಗಲ್ಲಕ್ಕೂ ರೇಜರಿಗೂ ಇನ್ನೂ ಸರಿಯಾಗಿ ಪರಿಚಯವಿಲ್ಲ.

ಅರ್ಜಿಯ ಒಂಬತ್ತನೇ ಪ್ರಶ್ನೆ:
ಒಳಗಿರುವವರು ಯಾರಾದರೂ ನಿಮಗೆ ಗೊತ್ತೇ?
ಹತ್ತು ಜನ ಇಲ್ಲ ಎಂದು ಬರೆದರು. ಈ ಊರಿನಲ್ಲಿ!
ಎಬೆರೆಯದು ನಂಬಬಹುದು, ಬಂದು ಎರಡು ವರ್ಷ.
ಕೋಲ್ಬಿ ಬರೆದ: ಅಣ್ಣ. ಲೀಡ್ಸಿನಲ್ಲಿ.
ನಾನು ಪತ್ರ ಹಾಕುತ್ತೇನೆ, ಅವನು ಹಾಕುವುದಿಲ್ಲ.
ಇವನಿರಲಿ, ಉಳಿದ ಒಂಬತ್ತನ್ನು ಇನ್ನೊಮ್ಮೆ ವಿಚಾರಿಸಿ
ಎಂದು ಮೇಲಕ್ಕೆ ಬರೆದೆ.

ಮೊದಲ ಪಾಠ ಬೀಗದ ಕೈ.
ಹಲ್ಲು ಕಾಣದ ಹಾಗೆ ಮುಷ್ಟಿಯಲ್ಲಿ ಹಿಡಿಯಿರಿ.
ಕಂಡವನು ರಾತ್ರಿಯೆಲ್ಲ ನೆನೆನೆನೆದು ಸೋಪಿನಲ್ಲಿ ಕೆತ್ತುತ್ತಾನೆ,
ಅವನಿಗೆ ಪುರುಸೊತ್ತು ಬೇಕಾದಷ್ಟಿದೆ.
ಬೀಗ ಸಿಕ್ಕಿತೆಂದು ಬೀಗಬೇಡಿ.
ಅದು ಬೀಗದ ಕೈ, ನಿಮ್ಮದಲ್ಲ;
ಸಂಜೆ ಗೇಟಿನಲ್ಲಿ ಬಿಚ್ಚಿಟ್ಟೇ ಹೋಗಬೇಕು.
(ಮೊದಲ ವರ್ಷ ನಾನು ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ
ಸೊಂಟ ತಡಕಿಕೊಂಡು ನಿಲ್ಲುತ್ತಿದ್ದೆ. ಅದನ್ನು ಹೇಳಲಿಲ್ಲ.)

ಮೂರನೇ ವಾರ ಒಬ್ಬೊಬ್ಬರನ್ನೇ ಖಾಲಿ ಸೆಲ್ಲಿಗೆ ಕಳಿಸಿ
ಹೊರಗಿನಿಂದ ಜಡಿಯುತ್ತೇನೆ. ಒಂದೇ ತಾಸು.
ವಾಚು, ಫೋನು ನನ್ನ ಬಕೆಟ್ಟಿನಲ್ಲಿ.
ಒಬ್ಬ ಹಾಡಿದ.
ಒಬ್ಬಳು ಹತ್ತನೇ ನಿಮಿಷಕ್ಕೇ ಕರೆಗಂಟೆ ಒತ್ತಿದಳು,
ನಾನು ಬೇಕೆಂದೇ ಚಹಾ ಮುಗಿಸಿ ಹೋದೆ.
ಎಬೆರೆ, ಗೋಡೆಯಲ್ಲಿ ಗೀಚಿದ್ದ ಹೆಸರುಗಳನ್ನು
ಹಾಜರಿ ಕರೆದಂತೆ ಗಟ್ಟಿಯಾಗಿ ಓದುತ್ತಿದ್ದಳು,
ಒಂದೊಂದು ಹೆಸರಿಗೂ ಸ್ವಲ್ಪ ತಡೆದು.

ಕೋಲ್ಬಿಯ ಬಾಗಿಲು ತೆಗೆದಾಗ
ಮಂಚದ ತುದಿಗೆ ಕೂತಿದ್ದ, ಕೈ ಮೊಣಕಾಲ ಮೇಲೆ.
ಬಾಗಿಲು ಪೂರ್ತಿ ತೆರೆದಿತ್ತು.
ಕಾರಿಡಾರಿನ ಬೆಳಕು ಅವನ ಬೂಟಿನ ತನಕ ಬಂದಿತ್ತು.
ಏಳಲಿಲ್ಲ.
"ಬರಲಾ, ಮಿಸ್?" ಎಂದ.

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಗೆ
ಎಷ್ಟು ಸಾವಿರ ಸಲ ಹ್ಞೂಂ, ಊಹ್ಞೂಂ ಅಂದಿದ್ದೇನೋ.
ಆವತ್ತು ನಾಲಿಗೆ ಏಳಲಿಲ್ಲ.
ಮುಷ್ಟಿ ನೋಡಿಕೊಂಡೆ.
ಹಲ್ಲುಗಳೆಲ್ಲ ಒಳಗೇ ಇದ್ದವು,
ಅಂಗೈ ಕಚ್ಚಿಕೊಂಡು.