ಪಾಸಿಂಗ್

ಐದೂವರೆ ಅಂದರೆ ನಾನು ಐದಕ್ಕೇ
ಗೊರಗುಂಟೆಪಾಳ್ಯದ ಫ್ಲೈಓವರ್ ಕೆಳಗೆ.
ವ್ಯಾನು ಬರುವುದು ಆರೂಕಾಲಿಗೆ, ಅದು ಬೇರೆ ಮಾತು.
ಚೀಲದಲ್ಲಿ ಎರಡು ಸೀರೆ, ಒಂದು ಮದುವೆಗೆ, ಒಂದು ಸಾವಿಗೆ.
ಬಿಳಿ ಬೇಡ, ಲೈಟಿಗೆ ಹೊಡೆಯುತ್ತದೆ;
ಹೀರೋಯಿನ್ ಉಟ್ಟ ಬಣ್ಣವಂತೂ ಬೇಡವೇ ಬೇಡ.
ಸೇಫ್ಟಿ ಪಿನ್ನು ಹನ್ನೆರಡು. ನನಗೆ ನಾಲ್ಕು,
ಮಿಕ್ಕವು ತರದೆ ಬರುವವರಿಗೆ.

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ
ಬರೀ ಕಾಲರು ಹೊಲಿದವಳು ನಾನು.
ಇಡೀ ಅಂಗಿ ಯಾವ ದೇಶದ ಯಾರ ಮೈ ಸೇರಿತೋ
ಕಂಡವಳಲ್ಲ.
ಫ್ಯಾಕ್ಟರಿ ಮುಚ್ಚಿದ ಮೇಲೆ ಈ ಕೆಲಸ.
ಹೊಸದೇನೂ ಅನಿಸಲಿಲ್ಲ.

"ಪಾಸಿಂಗ್!" ಅಂದಾಗ ನಡೆಯಬೇಕು
ಎಡದಿಂದ ಬಲಕ್ಕೆ, ಹೀರೋ ಬೆನ್ನ ಹಿಂದೆ,
ತರಕಾರಿ ಚೀಲ ಬಲಗೈಲಿ.
ನಾಲ್ಕನೇ ಟೇಕಿನಲ್ಲೂ ಬಲಗೈಲಿ,
ಊಟ ಮುಗಿಸಿ ಬಂದಮೇಲೂ ಬಲಗೈಲಿ,
ಮೂರು ದಿನ ಬಿಟ್ಟು ಅದೇ ಬೀದಿ ಮತ್ತೆ ತೆಗೆದರೂ
ಬಲಗೈಲೇ, ನುಗ್ಗೆಕಾಯಿಯ ತುದಿ ಹೊರಗೆ.

ಮಾತಾಡುವ ಹಾಗೆ ಬಾಯಾಡಿಸಿ ಅಂದರೆ
ಪಕ್ಕದ ಬೋರಣ್ಣನಿಗೆ ಸದ್ದಿಲ್ಲದೆ ಮಗ್ಗಿ ಹೇಳುತ್ತೇನೆ:
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು.
ಊರಿನ ಸುದ್ದಿ ಕೇಳಿದವನ ಹಾಗೆ ತಲೆಯಾಡಿಸುತ್ತಾನೆ.
ಒಮ್ಮೆ ಏಳೇಳ್ಲ ಐವತ್ತು ಅಂದೆ.
ಹುಬ್ಬು ಗಂಟಿಕ್ಕಿದ.
ಶಾಟ್ ಓಕೆ.

ಕ್ಯಾಮೆರಾ ನೋಡಬಾರದು, ಸೆಲ್ಫಿ ಕೇಳಬಾರದು,
ಇಡ್ಲಿ ತಣ್ಣಗಾಗಿದೆ ಅನ್ನಬಾರದು.
ಯಾರೂ ಹೇಳಿಕೊಟ್ಟದ್ದಲ್ಲ.
ಅಂದವರು ಮರುದಿನ ವ್ಯಾನಿನಲ್ಲಿ ಇರಲಿಲ್ಲ, ಅಷ್ಟೆ.

ಏಜೆಂಟ್ ರೇವಯ್ಯ ಒಂದು ದಿನ ವೋಚರಿಗೆ ಸಹಿ ಹಾಕಿಸುತ್ತಾ
"ತಿಂಗಳಿಗೆ ಇಪ್ಪತ್ತು ದಿನ ನಿಂಗೇ ಯಾಕೆ ಕೊಡ್ತೀನಿ ಗೊತ್ತಾ?
ನಿನ್ನ ಮುಖ ಎಷ್ಟು ಸಲ ನೋಡಿದ್ರೂ ನೆನಪಲ್ಲಿ ನಿಲ್ಲಲ್ಲ" ಅಂದ.
ಹೊಗಳಿಕೆಯೋ ಬೈಗುಳವೋ ತಿಳಿಯದೆ
ಲಗ್ಗೆರೆಯ ಮನೆಗೆ ಬಂದು ಅಕ್ಕಿ ಡಬ್ಬದ ಮುಚ್ಚಳ ತೆಗೆದೆ.
ತುಂಬಿತ್ತು.
ಹೊಗಳಿಕೆಯೇ ಇರಬೇಕು.

ಆಮೇಲೆ ಆ ಆಸ್ಪತ್ರೆ ಸೀನು.
ಹೊಸ ಡೈರೆಕ್ಟರು, ಮಗುವಿನಂಥ ಗಡ್ಡದ ಹುಡುಗ,
ನನ್ನತ್ತ ಬೆರಳು ಮಾಡಿದ: "ಆ ಅಮ್ಮನ ಕೈಲಿ ಹೇಳ್ಸಿ."
ಒಂದೇ ಸಾಲು:
ಹುಡುಗ ಉಳೀತಾನಾ ಡಾಕ್ಟ್ರೇ?
ಲೈಟಿನವನು ದೀಪ ತಿರುಗಿಸಿದ.
ಕೆನ್ನೆ ಬೆಚ್ಚಗಾಯಿತು, ಒಲೆಯ ಮುಂದೆ ಕೂತ ಹಾಗೆ.

ಮಗ್ಗಿ ಬಲ್ಲವಳಿಗೆ ಲೆಕ್ಕ ಎಷ್ಟು ಹೊತ್ತು?
ಮಾತಾಡಿದರೆ ಇವತ್ತು ಎರಡು ಸಾವಿರ ಹೆಚ್ಚು.
ಮಾತಾಡಿದರೆ ಮುಖ ರಿಜಿಸ್ಟರ್ ಆಯಿತು;
ನಾಳೆಯ ಸಂತೆಗೆ, ನಾಡಿದ್ದಿನ ಮದುವೆಗೆ, ಕೋರ್ಟಿಗೆ
ಇದೇ ಪಿಕ್ಚರಿನ ಇನ್ನೊಂಬತ್ತು ದಿನಕ್ಕೆ
ನಾನಿಲ್ಲ.

"ಸರ್, ಇವಳು ಚೆನ್ನಾಗಿ ಹೇಳ್ತಾಳೆ" ಅಂದು
ನೀಲವೇಣಿಯನ್ನು ಮುಂದಕ್ಕೆ ಬಿಟ್ಟೆ.
ಮೊದಲ ದಿನದ ಹುಡುಗಿ, ಪಿನ್ನಿಲ್ಲದೆ ಬಂದವಳು,
ಅವಳ ಸೆರಗಿಗೆ ಬೆಳಿಗ್ಗೆ ನಾನೇ ಮೂರು ಚುಚ್ಚಿದ್ದೆ.
ಮೂರನೇ ಟೇಕಿಗೆ ಅವಳ ಗಂಟಲು ನಿಜವಾಗಿ ಒಡೆಯಿತು.
ಎಲ್ಲರೂ ಚಪ್ಪಾಳೆ ತಟ್ಟಿದರು.
ಅವಳು ಓಡಿ ಬಂದು ನನ್ನ ಕಾಲು ಮುಟ್ಟಿದಳು.

ಮರುದಿನ ವ್ಯಾನಿನಲ್ಲಿ ಅವಳ ಸೀಟು ಖಾಲಿ.
ರೇವಯ್ಯ ಹೆಸರು ಹೊಡೆದು ಹಾಕಿದ್ದ, ಸಿಟ್ಟಿನಿಂದಲ್ಲ.
ನಾನು ಪಿನ್ನು ಎಣಿಸಿದೆ. ಒಂಬತ್ತು.

ಸಂತೆ ಬೀದಿ. ಬೋರಣ್ಣ ಪಕ್ಕದಲ್ಲಿ.
"ಪಾಸಿಂಗ್!"
ಬಾಯಿಗೆ ಮಗ್ಗಿ ಬರಲಿಲ್ಲ.
ಸದ್ದಿಲ್ಲದೆ ಆ ಸಾಲು ಬಂತು,
ಹುಡುಗ ಉಳೀತಾನಾ ಡಾಕ್ಟ್ರೇ,
ಅವಳು ಹೇಳಿದ ಹಾಗಲ್ಲ, ನಾನು ಹೇಳುವ ಹಾಗೆ.
ಬೋರಣ್ಣ ತಲೆಯಾಡಿಸುವುದನ್ನು ಮರೆತು ನನ್ನನ್ನೇ ನೋಡಿದ.

ನಾನು ನಡೆದೆ.
ಚೀಲ ಬಲಗೈಲೇ ಇತ್ತು.