ಮೂರಿಂಚಿನ ಗಂಟಲು

ದಿನಕ್ಕೆ ಹದಿನೆಂಟು ಟನ್ನು ಸಾಲ್ವೆಂಟು ಇಳಿಯುತ್ತಿತ್ತು,
ಬೇಕಾದದ್ದು ಇಪ್ಪತ್ತೈದು.
ಪುಣೆಯಿಂದ ಬಂದವರು ಮೂರು ದಿನ ಎ.ಸಿ. ರೂಮಿನಲ್ಲಿ ಕೂತು
ಪರದೆಯ ಮೇಲೆ ನಮ್ಮ ಕಾರ್ಖಾನೆ ಓಡಿಸಿದರು.
ವಾಸನೆಯಿಲ್ಲ, ಸೋರುವ ವಾಲ್ವಿಲ್ಲ,
ಅಂಥ ತಾಂಡ್ಯವನ್ನು ನಾನು ಕಂಡೇ ಇಲ್ಲ.
ತೀರ್ಪು: ಕಂಡೆನ್ಸರ್ ಸಾಲದು. ಹೊಸದು ತನ್ನಿ. ಎರಡು ಕೋಟಿ.

ರಾತ್ರಿಪಾಳಿಯಲ್ಲಿ ಫಿಟ್ಟರ್ ಚಿಕ್ಕಜವರಯ್ಯ
ಡಬ್ಬಿ ಬಿಚ್ಚಿ ಉಣ್ಣುತ್ತಾ ಅಂದರು:
"ಹೊಟ್ಟೆ ದೊಡ್ದು ಮಾಡುದ್ರೆ ಏನ್ ಬಂತು ಮೇಡಮ್ಮೋರೆ,
ಮುದ್ದೆ ನಿಂತಿರೋದು ಗಂಟ್ಲಲ್ಲಿ."
ಬೆರಳೆಲ್ಲ ಉಪ್ಸಾರು. ಅದೇ ಬೆರಳೆತ್ತಿ ತೋರಿಸಿದರು:
ಕಂಡೆನ್ಸರಿನಿಂದ ಟ್ಯಾಂಕಿಗೆ ಇಳಿಯುವ ಲೈನು,
ಗಾಜಿನ ಉಣ್ಣೆ ಹೊದ್ದು, ತಗಡು ಸುತ್ತಿಕೊಂಡು,
ಉಳಿದೆಲ್ಲ ಲೈನುಗಳ ಹಾಗೆ ಸಭ್ಯವಾಗಿ ನಿಂತದ್ದು.

ನಕ್ಷೆಯಲ್ಲಿ ನಾಲ್ಕಿಂಚು.
ಕೆಳಗೆ ಯಾರದೋ ರುಜು, ದಿನಾಂಕ ಅಳಿಸಿಹೋಗಿದೆ.

ಶಟ್‌ಡೌನಿನ ಬೆಳಿಗ್ಗೆ ತಗಡು ಸೀಳಿದೆವು.
ಎರಡಾಳುದ್ದ, ಮೂರಿಂಚು.
ಎರಡೂ ತುದಿಗೆ ಬೆಸುಗೆಯ ಗಾಯ.
ಜವರಯ್ಯ ಅದರ ಮೇಲೆ ಹೆಬ್ಬೆರಳಾಡಿಸಿದರು,
ತಮ್ಮದೇ ಹಳೇ ಕೈಬರಹ ಸಿಕ್ಕಿದವರಂತೆ.
"ಸ್ಟೋರಲ್ಲಿ ನಾಲ್ಕಿಂಚು ಇರ್ನಿಲ್ಲ. ಕಪಿಲೆ ಏರಿ
ರಸ್ತೆ ಮುಚ್ಚಿದ್ರು, ಲಾರಿ ಆ ಕಡೆ ನಿಂತೋಯ್ತು.
ಒಂದ್ ವಾರಕ್ಕೆ ಇರ್ಲಿ ಅಂದ್ರು ಸಾಹೇಬ್ರು.
ನಂಗಾಗ ಇನ್ನೂ ಮೀಸೆ ಚಿಗುರ್ತಿತ್ತು."
ಆ ವಾರ ಇಪ್ಪತ್ತಾರು ವರ್ಷ ನಡೆಯಿತು.

ಯಾಕೆ ಹೇಳಲಿಲ್ಲ ಎಂಬುದು ನನ್ನ ನಾಲಗೆಯಲ್ಲಿತ್ತು.
ಅಷ್ಟರಲ್ಲಿ ಅವರೇ:
"ಯಾರೂ ಕೇಳ್ನಿಲ್ಲ."

ಈಗ ಇಪ್ಪತ್ನಾಲ್ಕು ಟನ್ನು. ಪೈಪಿನ ಖರ್ಚು ಹನ್ನೊಂದು ಸಾವಿರ.
ಗಂಟಲು ಮಾತ್ರ ಹೋಗಿಲ್ಲ, ಜಾಗ ಬದಲಿಸಿದೆ.
ಮಧ್ಯಾಹ್ನ ಕೂಲಿಂಗ್ ಟವರಿಗೆ ಏದುಸಿರು.
ಡ್ರಮ್ಮು ತುಂಬುವಲ್ಲಿ ದೇವಮಣಿ ಒಬ್ಬಳೇ
ಮುಚ್ಚಳ ತಿರುಗಿಸುತ್ತಾಳೆ, ತಿರುಗಿಸುತ್ತಾಳೆ;
ಅವಳ ಮಣಿಕಟ್ಟು ಎಷ್ಟು ಇಂಚೆಂದು
ಯಾವ ನಕ್ಷೆಯಲ್ಲೂ ಇಲ್ಲ.
ಪುಣೆಗೆ ಕಳಿಸುವ ವರದಿಯಲ್ಲಿ
'ಮುಂದಿನ ಅಡಚಣೆ: ಪ್ಯಾಕಿಂಗ್' ಎಂದು ಬರೆದೆ. ಹೊಡೆದುಹಾಕಿದೆ.
'ಇನ್ನಿಬ್ಬರು ಬೇಕು' ಎಂದು ಬರೆದೆ.
ಉತ್ತರ ಬಂದಿಲ್ಲ. ಟನ್ನಿನ ಲೆಕ್ಕ ಮಾತ್ರ ದಿನಾ ಕೇಳುತ್ತಾರೆ.

ಆ ಮೂರಿಂಚಿನ ತುಂಡು ಗುಜರಿಗೆ ಹೋಗಲಿಲ್ಲ.
ಸೈಕಲ್ ಸ್ಟ್ಯಾಂಡಿನ ಹಿಂದೆ, ಕ್ಯಾಂಟೀನಿನ ಮುಸುರೆ ಕುಡಿದು ಬೆಳೆದ
ರಸಬಾಳೆಗೆ ಆನಿಕೆ ಕೊಟ್ಟಿದ್ದಾರೆ ಜವರಯ್ಯ.
ಗೊನೆ ಈ ಸಲ ಭಾರ ಬಂದಿದೆ.