ಖಾಲಿ ಗಾಡಿಯ ತೂಕ

ಮೂವತ್ತೆರಡು ವರ್ಷ ಕಬ್ಬಿನ ಗಾಡಿ ತೂಗಿದವನು ನಾನು.
ತುಂಬಿದ್ದು ಒಮ್ಮೆ, ಇಳಿಸಿದ ಮೇಲೆ ಖಾಲಿಯದು ಒಮ್ಮೆ,
ಕಳೆದು ಉಳಿದದ್ದು ರೈತನದು
ಎಂದು ಚೀಟಿ ಹರಿದು ಕೊಟ್ಟವನು.
ಎಲ್ಲವೂ ರೈತನದಾಗಿರಲಿಲ್ಲ.
ಮೇಲಿನವರು ಕಣ್ಣಲ್ಲೇ ಹೇಳಿದ ದಿನ
ಖಾಲಿ ಗಾಡಿ ಒಂದಿಷ್ಟು ಭಾರವಾಗುತ್ತಿತ್ತು.
ಈಗ ಮುಚ್ಚಿಟ್ಟು ಯಾರಿಗೆ ತೋರಿಸಲಿ?

ಗುತ್ತಲು ರಸ್ತೆ ದಾಟಿ, ನಾಲೆ ಏರಿ ತಗ್ಗುವಲ್ಲಿ
ನಾವು ನಲವತ್ತೊಂದು ಜನ ಇರುವ ಮನೆ.
ಟ್ರಸ್ಟಿನದು. ಅಂದರೆ ಯಾರದೂ ಅಲ್ಲ,
ಬೋರು ಕೆಟ್ಟಾಗ ಮಾತ್ರ ಎಲ್ಲರದು.
ಬಂದ ವಾರವೇ ಲೆಕ್ಕದ ಪುಸ್ತಕ ನನ್ನ ಕೈಗಿಟ್ಟರು.
ಲಾಭದ ಕಾಲಂ ಇಲ್ಲ.
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ
ಎಷ್ಟೋ ದಿನ ಬೆರಳು ಅಲ್ಲಿಗೇ ಹೋಗುತ್ತಿತ್ತು.

ಪಿಂಚಣಿ ಇದ್ದವರು ಪಿಂಚಣಿಯಲ್ಲಿ ಕೊಡುತ್ತಾರೆ.
ನಿಂಗಾಜಮ್ಮ ಸೊಪ್ಪು ಸೋಸಿ ಕೊಡುತ್ತಾಳೆ,
ಜೊತೆಗೆ ಅಡುಗೆಯವನಿಗೆ ಎರಡು ಬೈಗುಳ, ಬಿಟ್ಟಿ.
ಇಮ್ತಿಯಾಜ್ ಸಾಹೇಬರ ಹೊಲಿಗೆ ಯಂತ್ರದ ಮುಂದೆ
ಶಾಲೆ ಬಿಟ್ಟ ಹೊತ್ತಿಗೆ ಹುಡುಗರ ಸಾಲು:
ಗುಂಡಿ ಹೋದ ಅಂಗಿ, ಹರಿದ ಬ್ಯಾಗು.
ಕಂಡಕ್ಟರಾಗಿದ್ದ ಸಾವಂದಯ್ಯ ಗೇಟಿನ ಬೆಂಚಿನಲ್ಲಿ
ಊರವರ ರೇಷನ್ ಅರ್ಜಿ ತುಂಬುತ್ತಾನೆ,
ಬರೆದು ಮುಗಿದರೆ ಈಗಲೂ ಕೂಗುತ್ತಾನೆ,
'ಮುಂದಕ್ಕೋಗಿ, ಮುಂದಕ್ಕೋಗಿ.'

ಅಂಗನವಾಡಿಯ ತಕ್ಕಡಿ ಮುರಿದ ವರ್ಷ
ಫಿಲೋಮಿನಾ ಸಿಸ್ಟರು ನಮ್ಮ ಜಗಲಿಯ ತೊಲೆಗೆ
ಸ್ಪ್ರಿಂಗಿನ ತಕ್ಕಡಿ ನೇತು ಹಾಕಿಸಿದರು.
ತಾವೂ ಇಲ್ಲಿಯವರೇ, ಹನ್ನೊಂದನೇ ನಂಬರು ಕೋಣೆ.
'ತೂಗೋ ಕೈ ನಿಮ್ದು, ಬನ್ನಿ' ಅಂದರು.
ಅಂದಿನಿಂದ ಗುರುವಾರ ಗುರುವಾರ
ಜೋಳಿಗೆಯಲ್ಲಿ ಕಾಲು ಬಡಿಯುವ ಕೂಸುಗಳು.
ನಿಂಗಾಜಮ್ಮ ಬಾಯಲ್ಲೇ ಗಿಲಕಿ ಆಡಿಸುತ್ತಾಳೆ.
ಮುಳ್ಳು ನಿಲ್ಲುವ ತನಕ ನಾನು ಉಸಿರು ಹಿಡಿಯುತ್ತೇನೆ.
ಎತ್ತುಗಳಿಗೆ ಎಂದೂ ಹಿಡಿದಿರಲಿಲ್ಲ.

ಹಡಗಲಿ ಕಡೆಯಿಂದ ಕಬ್ಬು ಕಡಿಯಲು ಬಂದವಳು,
ಹೆಸರು ಗಾಳೆವ್ವ, ಮುಂಗೈ ತುಂಬ ಗರಿಯ ಗೀರು.
ಕೂಸಿಗೆ ಒಂಬತ್ತು ತಿಂಗಳು.
ಜೋಳಿಗೆ ಕಳೆದು, ದುಪ್ಪಟಿ ಕಳೆದು
ಐದೂ ಕಾಲು ಕಿಲೋ.
'ಎಷ್ಟೈತ್ರಿ ಅಜ್ಜಾರ?'
ಚೀಟಿ ಕೊಟ್ಟು ಮುಂದಿನ ಗಾಡಿ ಎನ್ನುವುದು
ಅವತ್ತು ಬಾಯಿಗೆ ಬರಲಿಲ್ಲ.

ಸಂಜೆ ಊಟದ ಮನೆಯಲ್ಲಿ ಸಭೆ.
ಬೆಳಗಿನ ಹಾಲಲ್ಲಿ ನಮ್ಮದು ಅರ್ಧರ್ಧ ಲೋಟ ಹಿಡಿದರೆ
ಕಡಿಯುವವರ ಗುಡಿಸಲಿಗೆ ರಾಗಿ ಸರಿ ಮಾಡಬಹುದು.
ಒಬ್ಬರು ತಕರಾರು ತೆಗೆದರು, ನ್ಯಾಯವಾಗಿಯೇ:
'ನಮ್ಮ ಮೂಳೆಗೇನು ಗತಿ?'
ಸಿಸ್ಟರು ಅವರ ಲೋಟ ತುಂಬಿಸಿಯೇ ಇಟ್ಟರು.
'ಯಾವ ಖಾತೆಗೆ ಬರೀತೀರಿ?' ಕಾರ್ಯದರ್ಶಿ ಕೇಳಿದರು.
ಸಾಲಿನಲ್ಲಿ ಎರಡು ದಿನ ನಿಂತ ಕಬ್ಬು
ಬಿಸಿಲಿಗೆ ಒಣಗಿ ಹಗುರಾಗುತ್ತದೆ,
ಹಳೆಯ ಕೆಲಸದಲ್ಲಿ ಅದಕ್ಕೊಂದು ಖಾತೆಯಿತ್ತು.
ಬರೆದೆ: 'ಒಣಗಿದ ಬಾಬ್ತು.'
ಆಡಿಟರು ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿದ್ದಾರೆ.
ಇನ್ನೂ ಉತ್ತರ ಕೊಟ್ಟಿಲ್ಲ.

ಸುಗ್ಗಿ ಮುಗಿದು ಲಾರಿ ಹತ್ತುವ ಮುನ್ನ
ಗಾಳೆವ್ವ ಮತ್ತೆ ಬಂದಳು. ಕೂಸಿನ ಸೊಂಟಕ್ಕೆ
ಹೊಸ ಬೆಳ್ಳಿ ಉಡಿದಾರ.
ಜೋಳಿಗೆ ಕಳೆದೆ, ದುಪ್ಪಟಿ ಕಳೆದೆ.
ಏಳಕ್ಕೆ ಕೂದಲೆಳೆ ಮೇಲೆ ಮುಳ್ಳು.
ಪೆನ್ನು ಏಳು ಎಂದು ಬರೆಯಹೊರಟಿತು.
'ಉಡಿದಾರ?' ಅಂದರು ಸಿಸ್ಟರು, ಕನ್ನಡಕದ ಮೇಲಿಂದ.
'ಸುಳ್ಳು ತೂಕ ಮಗೂನ ಹೊಟ್ಟೆ ತುಂಬಲ್ಲ, ಬಿಚ್ಚಿ.'

ಬಿಚ್ಚಿದೆ. ಬೆರಳು ನಡುಗುತ್ತವೆ, ಹೊತ್ತು ಹಿಡಿಯಿತು.
ಆರು ಕಿಲೋ ಒಂಬೈನೂರ ನಲವತ್ತು.
ಅಷ್ಟನ್ನೇ ಬರೆದೆ.
ಗಾಳೆವ್ವ ಕೇಳಲಿಲ್ಲ, ಓದಲು ಬಾರದು,
ನನ್ನ ಮುಖವನ್ನೇ ನೋಡಿ ಲೆಕ್ಕ ಹಿಡಿದಳು.

ತಿಂಗಳ ಮೊದಲ ದಿನ ನಮ್ಮದೂ ತೂಕ.
ನಾನು ಮತ್ತೆ ಎರಡು ಕಿಲೋ ಕಡಿಮೆ.
ಸಿಸ್ಟರು ಬರೆದುಕೊಂಡರು, ಏನೂ ಅನ್ನಲಿಲ್ಲ.
ಗೇಟಿನಲ್ಲಿ ಸಾವಂದಯ್ಯ ಯಾರಿಗೋ ಕೂಗುತ್ತಿದ್ದ.
ಚಪ್ಪಲಿ ಮೆಟ್ಟಿ ಇಳಿದೆ,
ಗುರುವಾರಕ್ಕೆ ಜೋಳಿಗೆ ಒಗೆದು ಹಾಕಬೇಕಿತ್ತು.